ರೇಣುಕಾ ಸರಿಯಾಗಿಯೇ ಟೈಪ್ ಮಾಡಿದ್ದರು

ನನ್ನ ಗಂಡನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಕಳೆದ ಸೋಮವಾರ ಅದು ಇದ್ದಕ್ಕಿದ್ದಂತೆ ವಾಸಿಯಾಯಿತು!

ಗಂಗಾನಗರದ ಲ್ಯಾಬ್‌ನ ರಿಪೋರ್ಟ್ ಹಾಗೆ ಹೇಳುತ್ತಿತ್ತು. ಫಾಸ್ಟಿಂಗ್ ಶುಗರ್ ತೊಂಬತ್ತೆರಡು. ‘ಮಾತ್ರೆ ಬಿಟ್ಬಿಡ್ಲಾ?’ ಎಂದರು. ನಂಬಿಕೆ ಬಾರದೆ ನಾನು ಸೀದಾ ಲ್ಯಾಬ್‌ಗೆ ಹೊರಟೆ.

ಅಲ್ಲಿ ಮಾಲೀಕರು ಟೆಕ್ನಿಷಿಯನ್ ರೇಣುಕಾ ಅವರನ್ನು ಎಲ್ಲರೆದುರು ಬೈಯುತ್ತಿದ್ದರು. ಒಬ್ಬರ ರಿಪೋರ್ಟ್ ಇನ್ನೊಬ್ಬರದಕ್ಕೆ ಅದಲುಬದಲಾದದ್ದು ಆ ತಿಂಗಳಲ್ಲಿ ಅದು ಮೂರನೆಯ ಸಲ. ‘ಕಂಪ್ಯೂಟರ್ ಯಾಕ್ರೀ ತಪ್ಪು ಮಾಡುತ್ತೆ? ನಾಳೆಯಿಂದ ಬರ್ಬೇಡಿ.’

ರೇಣುಕಾ ಗದಗದ ಕಡೆಯವರು. ಅಳದೆ, ನನ್ನ ಕೈಲಿದ್ದ ರಿಪೋರ್ಟ್ ನೋಡಿ ರಿಜಿಸ್ಟರ್ ತೆರೆದರು. ‘ನೋಡ್ರಿ ಸರ್, ರಿಜಿಸ್ಟರ್‌ದಾಗ ಇನ್ನೂರ ನಲವತ್ತೊಂದ್ ಅಂತ ಬರ್ದೀನಿ. ಅದನ್ನ ಟೈಪ್ ಮಾಡೀನಿ. ಪ್ರಿಂಟ್‌ನ್ಯಾಗ ಬ್ಯಾರೆ ಬಂದ್ರ ನಾ ಏನ್ ಮಾಡ್ಲಿ?’

ನಾನು ಪರದೆಯತ್ತ ನೋಡಿದೆ. ಅದು ನಮ್ಮ ಆಫೀಸಿನಲ್ಲೇ ತಯಾರಾದ ಸಿಸ್ಟಂ! ಅದರ ಕರ್ನಲ್ (ಇಡೀ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಪ್ರೋಗ್ರಾಂ) ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು.

‘ಈ ಸಿಸ್ಟಂ ಮಾಡಿದ್ದು ನಮ್ಮ ಆಫೀಸೇ. ನಾಲ್ಕು ದಿನ ಕೊಡಿ, ಕಂಡುಹಿಡೀತೀನಿ. ಅಲ್ಲಿವರ್ಗೂ ಇವರನ್ನ ಕಳಿಸ್ಬೇಡಿ. ರಿಪೋರ್ಟ್ ಕೈಯಲ್ಲೇ ಬರೆದುಕೊಡಿ’ ಎಂದೆ. ಮಾಲೀಕರು ಗೊಣಗುತ್ತಲೇ ಒಪ್ಪಿದರು.

ಯಲಹಂಕದ ಆಫೀಸಿನಲ್ಲಿ ಲ್ಯಾಬ್‌ನಲ್ಲಿದ್ದಷ್ಟೇ ಹಳೆಯ ಕಂಪ್ಯೂಟರ್ ಹುಡುಕಿ, ಮೆಮೊರಿ ತುಂಬುವವರೆಗೆ ರಿಪೋರ್ಟ್‌ಗಳನ್ನು ತೆರೆದೆ. ಮೆಮೊರಿ ಸಾಲದಾದಾಗ ಕರ್ನಲ್ ಒಂದಿಷ್ಟು ಮಾಹಿತಿಯನ್ನು ಡಿಸ್ಕ್‌ನಲ್ಲಿಟ್ಟು, ಬೇಕಾದಾಗ ವಾಪಸ್ ತರುತ್ತದೆ. ಸ್ವಾಪ್ ಅನ್ನುವುದು ಇದಕ್ಕೇ. ಎರಡನೆಯ ದಿನ ಮಧ್ಯಾಹ್ನ ತಪ್ಪು ಸಿಕ್ಕಿಬಿತ್ತು. ಡಿಸ್ಕ್‌ನಿಂದ ಒಂದು ರಿಪೋರ್ಟ್ ಓದಿ ಮುಗಿಸುವ ಮೊದಲೇ ಕರ್ನಲ್ ‘ಜಾಗ ಖಾಲಿ’ ಎಂದುಬಿಡುತ್ತಿತ್ತು. ಅಲ್ಲಿ ಇನ್ನೊಬ್ಬರ ರಿಪೋರ್ಟ್ ಬಂದು ಕೂರುತ್ತಿತ್ತು. ನನ್ನ ಗಂಡನ ಹೆಸರಿನಡಿ ಯಾರದೋ ಶುಗರ್!

ಹೋದ ತಿಂಗಳ ಅಪ್‌ಡೇಟ್‌ನಲ್ಲಿ ಹಾಗೆ ಮಾಡಿಸಿದ ಕೋಡ್‌ನ ಸಾಲು ಬರೆದವರು ಯಾರು? ನಾನೇ.

ಮೊದಲು ಪೂರ್ತಿ ಓದು, ಆಮೇಲೆ ಜಾಗ ಬಿಡು. ಒಂದು ಸಾಲನ್ನು ಕೆಳಗಿಳಿಸಿದೆ, ಅಷ್ಟೇ. ದಿನವಿಡೀ ಓಡಿಸಿದರೂ ಒಂದೂ ತಪ್ಪು ಬರಲಿಲ್ಲ. ಈ ಸಿಸ್ಟಂ ಇರುವ ಕಡೆಗೆಲ್ಲ ಸುದ್ದಿ ಕಳಿಸಿದೆವು.

ಶುಕ್ರವಾರ ಲ್ಯಾಬ್‌ನಲ್ಲಿ ತಿದ್ದಿದ ಸಿಸ್ಟಂ ಹಾಕಿ, ರೇಣುಕಾ ಅವರ ರಿಜಿಸ್ಟರ್ ಎದುರಿಟ್ಟುಕೊಂಡು ಅಪ್‌ಡೇಟ್ ಆದಂದಿನಿಂದ ಹೋದ ರಿಪೋರ್ಟ್‌ಗಳನ್ನೆಲ್ಲ ತಾಳೆ ನೋಡಿದೆವು. ತಪ್ಪು ರಿಪೋರ್ಟ್ ಹೋದವರಿಗೆ ರೇಣುಕಾ ಅವರೇ ಫೋನ್ ಮಾಡಿದರು. ‘ತಪ್ಪು ನನ್ನದು, ಕ್ಷಮಿಸಿ’ ಎಂದೆ. ‘ಇರ್ಲಿ ಬಿಡ್ರಿ ಮೇಡಂ, ನೀವ ಹುಡುಕಿದ್ರಲ್ಲ’ ಎಂದು ನಕ್ಕರು.

ಮಾಲೀಕರು ನನ್ನ ಕೈಕುಲುಕಿ ಥ್ಯಾಂಕ್ಸ್ ಮೇಲೆ ಥ್ಯಾಂಕ್ಸ್ ಹೇಳಿದರು. ರೇಣುಕಾ ಪಕ್ಕದಲ್ಲೇ ನಿಂತಿದ್ದರು.

ಎಲ್ಲರೆದುರು ಬೈಯಲು ಬರುವವರಿಗೆ ಎಲ್ಲರೆದುರು ‘ಸಾರಿ’ ಎನ್ನಲು ಯಾಕೆ ಬರುವುದಿಲ್ಲ?