ಮೈನಸ್ ನುಂಗಿದ ದನಿ

ಅಕ್ಕೋರ ಎಡಗಿವಿಯಲ್ಲಿ ಯಾವಾಗಲೂ ಒಂದು ಕಪ್ಪು ಇಯರ್‌ಫೋನ್ ಇರುತ್ತಿತ್ತು. ಅದರ ಜೋಡಿ ಎದೆಯ ಮೇಲೆ, ಸೆರಗಿನ ಪಿನ್ನಿಗೆ ಸಿಕ್ಕಿಕೊಂಡು ಸುಮ್ಮನೆ ತೂಗುತ್ತಿತ್ತು. ಬಲಗಿವಿಯನ್ನು ಎದುರಿಗಿದ್ದವರಿಗೆ ಬಿಟ್ಟುಕೊಟ್ಟಿದ್ದರು. ಎಡಗಿವಿ ಎಂದು ಬರೆದೆ, ಆದರೆ ಎದುರಿಗೆ ಕೂತು ನೋಡಿದವನಿಗೆ ಎಡಬಲ ತಿರುವುಮುರುವಾಗುವುದು ಹೊಸದಲ್ಲ. ಬೆರಳ ತುದಿಗೆ ಸೀಮೆಸುಣ್ಣ ಹತ್ತಿರುತ್ತಿತ್ತು ಎಂಬುದು ಮಾತ್ರ ಖಾತ್ರಿ. ಅವರ ಫೋನಿನ ಗಾಜಿನ ಮೇಲೂ ಅದೇ ಬಿಳಿ ಗುರುತುಗಳಿದ್ದವು.

ಅವರು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು. ಅವರ ಬಳಿ ಒಂದು ಲೆಕ್ಕವನ್ನೂ ಕಲಿಯದ ನಮಗೂ ಅವರು ಅಕ್ಕೋರೇ ಆಗಿದ್ದರು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ವರ್ಷದಿಂದ ವರ್ಷಕ್ಕೆ ತಿನ್ನುತ್ತ ಬಂದಿತ್ತು. ಕೊನೆಗೆ ಬೆಳಕು, ನೆರಳು, ಎದುರಿಗೊಬ್ಬರು ನಿಂತಿದ್ದಾರೆ ಎಂಬಷ್ಟು ಮಾತ್ರ ಉಳಿದಿತ್ತು.

ನನಗೆ ಅವರ ಪರಿಚಯವಾದದ್ದು ಒಂದು ತಂತ್ರಾಂಶದ ದೆಸೆಯಿಂದ. ಫೋನಿನ ಪರದೆಯ ಮೇಲಿನ ಕನ್ನಡವನ್ನು ಕಣ್ಣು ಕಾಣದವರಿಗೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಯಾವ ಕಂಪನಿಯದೂ ಅಲ್ಲ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಒಳಗಿನ ಕೋಡನ್ನು ತೆರೆದು ತಿದ್ದಬಹುದು, ತಿದ್ದಿದ್ದನ್ನು ಗುಂಪಿಗೆ ಕಳಿಸಬಹುದು. ನಾವು ಅದನ್ನು ‘ದನಿ’ ಎಂದಷ್ಟೇ ಕರೆಯುತ್ತಿದ್ದೆವು. ಇಂಡಿ, ಸಿಂದಗಿ, ಬಾಗೇವಾಡಿ, ತಾಳಿಕೋಟೆಗಳಲ್ಲಿ ಚದುರಿದ್ದ ನಾವು ಕೆಲವರು ಬಿಡುವಿನಲ್ಲಿ ಅದನ್ನು ಕಟ್ಟುತ್ತಿದ್ದೆವು. ಭಾಷಾಶಾಸ್ತ್ರ ಓದಿ ಮುದ್ದೇಬಿಹಾಳಕ್ಕೆ ಮರಳಿ ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಉಚ್ಚಾರಣೆಯ ನಿಯಮಗಳನ್ನು ಬರೆಯುತ್ತಿದ್ದೆ. ಸಂಬಳವಿಲ್ಲದ ಕೆಲಸದಲ್ಲಿ ಜನ ಒಬ್ಬರನ್ನೊಬ್ಬರು ಎಷ್ಟು ಹರಿದು ತಿನ್ನಬಲ್ಲರು ಎಂಬುದನ್ನು ನಾನು ಅಲ್ಲಿಯೇ ಕಂಡೆ. ಸಂಬಳವಿದ್ದರೆ ಅದರ ಸಲುವಾಗಿಯಾದರೂ ಬಾಯಿ ಕಟ್ಟಿಕೊಂಡಿರುತ್ತಾರೆ.

ಗುಂಪಿನ ಉಸ್ತುವಾರಿ ಅಕ್ಕೋರದು. ಒರಟಾಗಿ ಬರೆಯುವವರ ಮೇಲ್‌ಗಳು ಮೊದಲು ಅವರ ಹತ್ತಿರ ನಿಲ್ಲುವಂತೆ ಮಾಡಿದ್ದರು. ಅವರು ಬಿಟ್ಟರೆ ಮಾತ್ರ ಉಳಿದವರಿಗೆ ಬರುತ್ತಿತ್ತು. ಬೈಗುಳದ ಮೇಲ್ ಬಂದಾಗ ಅದನ್ನು ದನಿಯಿಂದಲೇ ಓದಿಸಿ ಕೇಳುತ್ತಿದ್ದರು. ‘ನಿಮಗೆ ನಾಚಿಕೆಯಾಗಬೇಕು’ ಎಂಬುದನ್ನೂ ‘ನಾಳೆ ಬಸ್ಸಿಲ್ಲ’ ಎಂಬುದನ್ನೂ ದನಿ ಒಂದೇ ರಾಗದಲ್ಲಿ ಓದುತ್ತದೆ. “ಇದಕ್ಕ ಸಿಟ್ಟ ಬರೂದಿಲ್ಲ ನೋಡ. ಸಿಟ್ಟ ಸೋಸಿ ಕೆಳಗ ಏನ ಉಳೀತೈತಿ, ಅಷ್ಟಕ್ಕ ಉತ್ತರಾ ಬರೀಬೇಕು” ಎನ್ನುತ್ತಿದ್ದರು. ನಾನು ಅದನ್ನು ದೊಡ್ಡ ಉಪಾಯವೆಂದು ಹೊಗಳಿದಾಗ ನಕ್ಕುಬಿಟ್ಟರು. “ಉಪಾಯ ಅಲ್ಲೋ ತಮ್ಮಾ, ಕಣ್ಣ ಕಾಣೂದಿಲ್ಲ. ನಿನ್ನಂಗ ಓದಾಕ ಬಂದಿದ್ರ ನಾನೂ ತಿರುಗಿ ಬೈತಿದ್ದೆ.”

ಇಂಡಿಯ ಒಬ್ಬರು ಬ್ಯಾಂಕ್ ಉದ್ಯೋಗಿ, ಹುಟ್ಟು ಕುರುಡರು, ಒಮ್ಮೆ ನಮ್ಮನ್ನೆಲ್ಲ ಕೆಲಸಕ್ಕೆ ಬಾರದವರೆಂದು ಉದ್ದಕ್ಕೆ ಬರೆದಿದ್ದರು. ಅಕ್ಕೋರು ನೇರ ಫೋನ್ ಹಚ್ಚಿದರು. “ಸರ, ಯಾವ ಶಬ್ದ ನಿಮಗ ತ್ರಾಸ ಕೊಡಾಕತ್ತೈತಿ ಅದನ್ನ ಮೊದಲ ಹೇಳ್ರಿ. ಬೈಯೂದು ಆಮೇಲೆ ಸಾವಕಾಶ ಬೈಯಿರಿ, ನಾ ಎಲ್ಲಿಗೂ ಹೋಗೂದಿಲ್ಲ.” ಅವರು ಆಮೇಲೆ ಬೈಯಲಿಲ್ಲ. ಸಂಜೆ ಹೊತ್ತು ಕುರುಡು ಮಕ್ಕಳನ್ನು ಸೇರಿಸಿಕೊಂಡು ದನಿಯ ಮೇಲೆ ಪಾಠ ಕೇಳಿಸತೊಡಗಿದರು. ಹತ್ತನೆಯ ತರಗತಿಯ ಮಕ್ಕಳು ಗಣಿತವನ್ನೂ ಅದರಲ್ಲೇ ಕೇಳಿ ಕಲಿಯುತ್ತಿದ್ದರು.

ನಮ್ಮಲ್ಲಿ ಅತಿ ಜಾಣ ತಾಳಿಕೋಟೆಯವನು. ಎಂಜಿನಿಯರಿಂಗ್ ಓದಿ ಬೇಳೆ ಮಿಲ್ಲೊಂದರ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಅಂಕಿಗಳನ್ನು ಓದುವ ಭಾಗ ಪೂರ್ತಿ ಅವನದು, ಮತ್ತ್ಯಾರಿಗೂ ಅದು ಬಗೆಹರಿಯುತ್ತಿರಲಿಲ್ಲ. ಅಷ್ಟೇ ಕೆಟ್ಟದಾಗಿ ಬರೆಯುತ್ತಿದ್ದ. ಹೊಸಬರು ತಿದ್ದುಪಡಿ ಕಳಿಸಿದರೆ ‘ಇದನ್ನು ಬರೆದ ಕೈಗೆ ಬರೆ ಹಾಕಬೇಕು’ ಎಂದು ಉತ್ತರಿಸುತ್ತಿದ್ದ. ಬಾಗೇವಾಡಿಯ ಒಬ್ಬ ಹುಡುಗಿ ಅವನ ಒಂದೇ ಮೇಲ್‌ಗೆ ಗುಂಪು ಬಿಟ್ಟು ಹೋದಳು. ಆಗ ಅಕ್ಕೋರು ಅವನ ಮೇಲ್‌ಗಳನ್ನೂ ತಡೆದು ಕೇಳಲು ಶುರುಮಾಡಿದರು.

ಆ ವರ್ಷ ಪರೀಕ್ಷೆಗೆ ಮುಂಚೆ ಹಲವರ ತಿದ್ದುಪಡಿಗಳನ್ನು ಕೂಡಿಸಿ ಹೊಸ ಆವೃತ್ತಿ ಬಿಡುವ ತಯಾರಿ ನಡೆದಿತ್ತು. ಅದನ್ನು ಅಕ್ಕೋರು ಮೊದಲು ತಮ್ಮ ಫೋನಿಗೆ ಹಾಕಿಕೊಂಡಿದ್ದರು. ಅದೇ ವಾರ ತಾಳಿಕೋಟೆಯವನ ಮೇಲ್ ಬಂತು. ಅವರು ಎಂದಿನಂತೆ ದನಿಯಿಂದ ಓದಿಸಿ, ತಡೆದಿಟ್ಟು, ನನಗೆ ಫೋನ್ ಮಾಡಿದರು. “ಬರೀ ಬೈದಾನೋ. ಕಿವಿಯೊಳಗ ಹತ್ತಿ ಇಟ್ಕೊಂಡೀರೇನ ಅಂತ ಕೇಳ್ಯಾನ. ಐದನ್ನ ಐದು ಅಂತ ಓದಾಕತ್ತೈತಂತ. ಮತ್ತೇನ ಆರು ಅಂತ ಓದಬೇಕಿತ್ತ?”

ಅವರು ನಕ್ಕರು ಎಂದು ನನ್ನ ನೆನಪು. ಇಂಡಿಯ ಬ್ಯಾಂಕಿನವರಿಗೂ ಅಂದೇ ಫೋನ್ ಮಾಡಿದ್ದರಂತೆ. ಆ ದಿನ ಅಕ್ಕೋರು ನಗುವ ಸ್ಥಿತಿಯಲ್ಲೇ ಇರಲಿಲ್ಲ, ದಣಿದಿದ್ದರು, ಎಂದು ಅವರು ವಾದಿಸುತ್ತಾರೆ. ಇಬ್ಬರಲ್ಲಿ ಯಾರ ಕಿವಿ ಸರಿ? ನಕ್ಕಿದ್ದರೆ ಅದು ಉಡಾಫೆ, ದಣಿದಿದ್ದರೆ ಕ್ಷಮಿಸಬಹುದು. ಅಕ್ಕೋರನ್ನು ಇಷ್ಟಪಡುವ ನನಗೆ ನಗುವೇ ಯಾಕೆ ಕೇಳಿಸುತ್ತದೋ ಗೊತ್ತಿಲ್ಲ.

ಆವೃತ್ತಿ ಹೊರಬಂತು. ಕೆಲವು ದಿನ ಕಳೆದು ಇಂಡಿಯಿಂದ ಫೋನ್. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮಕ್ಕಳೆಲ್ಲ ಗಣಿತದಲ್ಲಿ ಒಂದೇ ಥರ ತಪ್ಪಿದ್ದರು. ಒಬ್ಬ ಹುಡುಗಿ ತನ್ನ ತಲೆಯೇ ಕೆಟ್ಟಿದೆ ಎಂದು ತಿಳಿದು, ಮುಖ್ಯ ಪರೀಕ್ಷೆಗೆ ಕೂರುವುದಿಲ್ಲ ಎಂದು ಅಳುತ್ತಿದ್ದಳಂತೆ. ಅಂಕಿಯ ಮುಂದಿನ ಮೈನಸ್ ಚಿಹ್ನೆಯನ್ನು ಹೊಸ ದನಿ ನುಂಗಿಬಿಡುತ್ತಿತ್ತು.

ಆಗ ಅಕ್ಕೋರು ತಡೆದಿಟ್ಟ ಆ ಮೇಲ್ ಅನ್ನು ತಮ್ಮ ಶಾಲೆಯ ಒಬ್ಬ ಮಾಸ್ತರರ ಕೈಗೆ ಕೊಟ್ಟು ಕಣ್ಣಿನಿಂದ ಓದಿಸಿದರು. ಅದರಲ್ಲಿದ್ದದ್ದು: ‘ಮಹಾ ಗಣಿತದ ಅಕ್ಕೋರ, -5 ಅನ್ನು 5 ಅಂತ ಓದಾಕತ್ತೈತಿ, -8 ಅನ್ನು 8 ಅಂತ.’ ಅವನು ದೋಷವನ್ನು ಉದಾಹರಣೆ ಸಮೇತ ಹೇಳಿದ್ದ. ಅಕ್ಕೋರು ಅದನ್ನು ಅದೇ ದೋಷವಿದ್ದ ದನಿಯಿಂದ ಕೇಳಿದ್ದರು. ಮೈನಸ್ಸುಗಳೆಲ್ಲ ಬಿದ್ದುಹೋಗಿ, ಬೈಗುಳ ಮಾತ್ರ ಒಂದಕ್ಷರ ತಪ್ಪದೆ ಅವರ ಕಿವಿ ಮುಟ್ಟಿತ್ತು.

ಅಂದೇ ಅವರು ಹಳೆಯ ಆವೃತ್ತಿಯನ್ನು ಮರಳಿ ಹಾಕಿಸಿದರು. ಅವನ ಮೇಲ್ ಅನ್ನು ಇದ್ದಂತೆಯೇ ಎಲ್ಲರಿಗೂ ಬಿಟ್ಟು, ತಪ್ಪು ನನ್ನದು ಎಂದು ಕೆಳಗೆ ಬರೆದರು. ನಿಮ್ಮನ್ನು ಬೈದ ಸಾಲನ್ನಾದರೂ ತೆಗೆಯೋಣ ಎಂದೆ. “ಬ್ಯಾಡ. ಬೈಗಳಾ ತೆಗೀಬೇಕಂತ ಹೋಗೇ ನಾ ಖರೇ ಮಾತ ಕಳಕೊಂಡೆ” ಎಂದರು.

ತಾಳಿಕೋಟೆಯವನು ಅಷ್ಟರಲ್ಲಿ ಗುಂಪು ಬಿಟ್ಟಿದ್ದ. ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ಅಕ್ಕೋರ ಮೂತ್ರಪಿಂಡಗಳು ಆಗಲೇ ಕೈಕೊಟ್ಟಿದ್ದವು, ವಾರ ವಾರ ವಿಜಯಪುರಕ್ಕೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಿತ್ತು. ಆದರೂ ಸಿಂದಗಿಯಿಂದ ಒಬ್ಬರೇ ಬಸ್ ಹತ್ತಿ ತಾಳಿಕೋಟೆಗೆ ಬಂದಿಳಿದರು. ನಾನು ಮುದ್ದೇಬಿಹಾಳದಿಂದ ಹೋಗಿ ನಿಲ್ದಾಣದಲ್ಲಿ ಕೈ ಹಿಡಿದುಕೊಂಡೆ. ಆ ಕೈ ಬಾತುಕೊಂಡಿತ್ತು.

ಮಿಲ್ಲಿನ ಗೇಟಿನ ಹೊರಗೆ ಅವನು ಬಂದು ನಿಂತ. ಮೈತುಂಬ ತೊಗರಿಯ ಧೂಳು. ಅವರಿಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲು.

“ಯಾಕ ಬಂದ್ರಿ ಅಕ್ಕೋರ? ಒಂದ್ ಮೇಲ್ ಹಾಕಿದ್ರ ಆಗ್ತಿರಲಿಲ್ಲೇನು?”

“ನನ್ನ ಮೇಲ್ ನೀ ಓದೂದಿಲ್ಲ, ನಿನ್ನ ಮೇಲ್ ನನಗ ಕೇಳಸೂದಿಲ್ಲ. ಅದಕ್ಕ ಬಂದೆ.”

ಅವನು ಮೈಮೇಲಿನ ಧೂಳು ಕೊಡವಿಕೊಂಡ.

“ನಿನ್ನ ಮಾತ ತಡದಿಟ್ಟೆ. ಅದು ನನ್ನ ತಪ್ಪು” ಎಂದರು ಅಕ್ಕೋರು. “ಆ ಬಾಗೇವಾಡಿ ಹುಡುಗಿ ಅಳಕೋತ ಹೋತು. ಅದು ನಿನ್ನ ತಪ್ಪು. ನನ್ನದನ್ನಷ್ಟ ಹೇಳಿ ನಿನ್ನದನ್ನ ಬಿಟ್ರ ನಾ ಬರೀ ನಿನ್ನ ರಮಿಸಾಕ ಬಂದಂಗ ಆಗ್ತೈತಿ. ಎರಡೂ ಹೇಳೇನಿ. ಈಗ ಬಾ.”

“ಬರೂದಿಲ್ರಿ” ಎಂದ ಅವನು. ದನಿ ಏರಿರಲಿಲ್ಲ. “ನಾ ಹಿಂಗ ಬರಿಯಾಂವ. ಮೆತ್ತಗ ಬರದ್ರ ಯಾರೂ ಓದೂದಿಲ್ಲ, ಬಿರುಸ ಬರದ್ರ ನೀವು ಬಿಡೂದಿಲ್ಲ. ನಾ ಎಲ್ಲಿ ನಿಂದರಲಿ ಹೇಳ್ರಿ?”

ಅಕ್ಕೋರು ತಡವಿ ಗೇಟಿನ ಕಂಬಿ ಹಿಡಿದುಕೊಂಡರು. ಅವನು ಒಳಗೆ ಹೋಗಿ ಚಹಾ ತಂದು, ಅವರ ಬೆರಳನ್ನು ಹಿಡಿದು ಕಪ್ಪಿನ ಕಿವಿಗೆ ಮುಟ್ಟಿಸಿದ. “ಸಕ್ಕರಿ ಹಾಕಿಲ್ರಿ” ಎಂದ. ಕುಡಿದು ಹೊರಟೆವು.

ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತ ಅವರು, “ನಾ ಚಹಾಕ್ಕ ಸಕ್ಕರಿ ಹಾಕೂದಿಲ್ಲ ಅಂತ ಅಂವಗ ಹ್ಯಾಂಗ ನೆನಪ ಉಳೀತು? ಯಾವಾಗೋ ಒಮ್ಮೆ ಬರದಿದ್ದೆ ಅಷ್ಟ” ಎಂದರು. ಇನ್ನೂ ಏನೋ ಹೇಳಿದರು, ಅದು ಮರೆತಿದೆ. ಅದೇ ಮುಖ್ಯವಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮರೆತದ್ದಕ್ಕೆ ಬೆಲೆ ಕಟ್ಟುವುದು ಮನಸ್ಸಿನ ಚಾಳಿ ಇರಬಹುದು.

ಮುಂದಿನ ಮಳೆಗಾಲಕ್ಕೆ ಅಕ್ಕೋರು ತೀರಿಕೊಂಡರು. ತಾಳಿಕೋಟೆಯವನು ಸಿಂದಗಿಗೆ ಬಂದಿದ್ದ. ದೂರ ನಿಂತಿದ್ದು ಹೋದ.

ಈಗ ಉಸ್ತುವಾರಿ ನನ್ನ ಕೈಯಲ್ಲಿದೆ. ಹಳೆಯ ಆವೃತ್ತಿ ಹೊಸ ಫೋನುಗಳಲ್ಲಿ ನಡೆಯುವುದಿಲ್ಲ, ಹೊಸದು ಮೈನಸ್ ನುಂಗುವುದನ್ನು ಬಿಟ್ಟಿಲ್ಲ. ಅಂಕಿಗಳ ಭಾಗವನ್ನು ತೆರೆದು ದಿನಗಟ್ಟಲೆ ಕೂತಿದ್ದೇನೆ. ಒಂದು ಕಡೆ ಸರಿಪಡಿಸಿದರೆ ಮತ್ತೊಂದು ಕಡೆ ಕೆಡುತ್ತದೆ. ಉಳಿದವರು ಒಬ್ಬೊಬ್ಬರಾಗಿ ಗುಂಪಿನಿಂದ ದೂರ ಸರಿದಿದ್ದಾರೆ. ಇಂಡಿಯಲ್ಲಿ ಈ ಸಲವೂ ಮಕ್ಕಳು ಪರೀಕ್ಷೆಗೆ ಕೂರುವವರಿದ್ದಾರೆ. “ಗಣಿತಾ ಬಿಟ್ಟಬಿಡ್ರಿ ಅಂತ ಹೇಳಲೇನ ಅವಕ್ಕ?” ಎಂದು ಅಲ್ಲಿನ ಬ್ಯಾಂಕಿನವರು ಫೋನ್ ಮಾಡಿ ಕೇಳಿದ್ದಾರೆ.

ತಾಳಿಕೋಟೆಗೆ ನಾನೊಬ್ಬನೇ ಹೋಗಿ ಬಂದೆ. ಅವನು ಗೇಟಿನ ಹೊರಗೆ ಬಂದ, ಚಹಾ ಕೊಡಿಸಿದ. “ಅಕ್ಕೋರು ಬಂದ್ ಕರದಾಗ ಬರಲಿಲ್ಲ. ಈಗ ನೀವ್ ಕರದ್ರ ಬಂದು ಯಾವ ಮಾರಿ ತೋರಸ್ಲಿ?” ಎಂದ. ನಾನು ತಿದ್ದುತ್ತಿರುವ ಕೋಡು ಎಲ್ಲಿದೆ ಎಂದು ಮಾತ್ರ ಹೇಳಿ ಬಂದೆ. ಕೇಳಿಸಿಕೊಂಡನೋ ಇಲ್ಲವೋ, ಮಿಲ್ಲಿನ ಸದ್ದಿತ್ತು.

ಮೇಲ್‌ಗಳನ್ನು ತಡೆಯುವುದನ್ನು ನಾನು ನಿಲ್ಲಿಸಿದ್ದೇನೆ. ಯಾರದೇ ಮೇಲ್ ಬಂದರೂ ಅಕ್ಕೋರಂತೆ ಒಮ್ಮೆ ದನಿಯಿಂದ ಕೇಳುತ್ತೇನೆ, ಆಮೇಲೆ ಅವರಿಗೆ ಸಾಧ್ಯವಾಗದಿದ್ದ ಹಾಗೆ ಕಣ್ಣಿನಿಂದ ಓದುತ್ತೇನೆ. ಕಾಲೇಜಿನಿಂದ ಬಂದ ಕೂಡಲೇ ಮಾಡುವ ಕೆಲಸ ಅದು. ಬರುವುದು ಜಾಹೀರಾತು, ಬ್ಯಾಂಕಿನ ಸೂಚನೆ, ನಯವಾದ ವಿಚಾರಣೆಗಳು. ಪರೀಕ್ಷೆ ಹತ್ತಿರವಾಗುತ್ತಿದೆ. ನನ್ನ ಕೈಗೆ ಬರೆ ಹಾಕಬೇಕು ಎಂದು ತಾಳಿಕೋಟೆಯವನು ಬರೆದಾನೇ ಎಂದು ಕಾಯುತ್ತಿದ್ದೇನೆ.