ಎರಡು ಒತ್ತಿ

ಹಿಂದೂಪುರದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಬೆಳಗಾದರೆ ದೊಡ್ಡವರ ಮುಖಗಳ ಜೊತೆಯಲ್ಲೇ ನನ್ನ ಬದುಕು. ಪಾರ್ಟಿ ಫ್ಲೆಕ್ಸ್ ಅಂದಮೇಲೆ ಅದಕ್ಕೊಂದು ಕಟ್ಟುಪಾಡು ಉಂಟು. ಮೇಲೆ ರಾಜಧಾನಿಯ ನಾಯಕರು, ಬಾಗಿಲಿನಷ್ಟು ಎತ್ತರಕ್ಕೆ. ಅವರ ಭುಜದ ಹತ್ತಿರ ಜಿಲ್ಲೆಯವರು. ಕಟ್ಟಕಡೆಗೆ, ಅಂಚಿನಲ್ಲಿ, ಅಂಚೆಚೀಟಿಯ ಹಾಗೆ ಸಾಲಾಗಿ ಊರೂರಿನ ಕಾರ್ಯಕರ್ತರು. ಆ ಚೀಟಿಗಳಲ್ಲೊಂದು ನಮ್ಮ ಅಕ್ಕನದು. ಪ್ರಿಂಟರ್‌ನಿಂದ ಷೀಟು ಇಳಿಯುವಾಗ ಮೊದಲು ನಾಯಕರ ಹಣೆ ಬರುತ್ತದೆ, ಆಮೇಲೆ ಕಣ್ಣು, ನಗು, ಕೈ ಮುಗಿದ ಬೆರಳು. ಅಕ್ಕ ಬರುವ ಹೊತ್ತಿಗೆ ನನಗೆ ಮಧ್ಯಾಹ್ನದ ತೂಕಡಿಕೆ ಹತ್ತಿರುತ್ತದೆ. ಎಷ್ಟೋ ಸಲ ಅವಳು ನನ್ನ ಅರೆನಿದ್ದೆಯೊಳಕ್ಕೇ ಇಳಿದು ಬಂದಿದ್ದಾಳೆ.

ಅಕ್ಕನನ್ನು ಕೊಟ್ಟಿರುವುದು ಬ್ರಹ್ಮಸಮುದ್ರದ ಕಡೆಯ ಹಳ್ಳಿಗೆ. ಇಲ್ಲಿಂದ ಕಲ್ಯಾಣದುರ್ಗಕ್ಕೆ ಹೋಗಿ ಮತ್ತೊಂದು ಬಸ್ಸು ಹಿಡಿಯಬೇಕು. ಅಲ್ಲಿ ಬೋರ್‌ವೆಲ್ಲಿನ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಕರೆಂಟ್ ಆಫೀಸಿನ ಮುಂದೆ ಹೋಗಿ ಕೂರುವವಳು ಅವಳೇ. ಬಸುರಿಯರಿಗೆ ನೋವು ಬಂದರೆ ಆಟೋ ಕರೆದು ಕಲ್ಯಾಣದುರ್ಗದ ಆಸ್ಪತ್ರೆಗೆ ಸೇರಿಸುವವಳೂ ಅವಳೇ. ನಾಯಕರು ಕಲ್ಯಾಣದುರ್ಗಕ್ಕೆ ಬಂದ ಮೀಟಿಂಗುಗಳಿಗೆಲ್ಲ ಜನ ಕರೆದುಕೊಂಡು ಹೋಗಿದ್ದಾಳೆ, ಬಿಸಿಲಲ್ಲಿ ನಿಂತು ಜೈ ಅಂದಿದ್ದಾಳೆ. ಅವರು ಅವಳ ಕಡೆ ಒಮ್ಮೆ ತಿರುಗಿ ನೋಡಿದ್ದೂ ನಾನು ಕಾಣೆ. ನನಗೆ ಮೈ ಉರಿಯುತ್ತಿತ್ತು, ಅವಳಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ.

ಜಿಲ್ಲಾ ಪರಿಷತ್ ಚುನಾವಣೆಯ ಗಾಳಿ ಎದ್ದಾಗ ಸುತ್ತಲ ಹಳ್ಳಿಗಳ ಕಾರ್ಯಕರ್ತರು ಅಕ್ಕನ ಊರಿನ ಹಾಲಿನ ಡೈರಿ ಮುಂದಿನ ಬೇವಿನ ಮರದಡಿ ಸೇರಿದರು. ನಾನೂ ಹೋಗಿದ್ದೆ. ಆ ಕಡೆ ಒಬ್ಬರನ್ನು ಆರಿಸುವ ರೀತಿಯೇ ಬೇರೆ. ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ಒಬ್ಬೊಬ್ಬರೇ ಎದ್ದು ಬಂದು ತಮಗೆ ಬೇಕಾದವರ ಕೈಗೋ ಸೆರಗಿಗೋ ಎಲೆ ಅಡಿಕೆ ಇಟ್ಟು, ಮುಖ ನೋಡಿ, ಬಾಯಿಬಿಟ್ಟು ಹೇಳಬೇಕು. ಹೇಳದೆ ಎಲೆ ಇಟ್ಟರೆ ಅದು ಲೆಕ್ಕಕ್ಕಿಲ್ಲ. ಅಕ್ಕ ಸೆರಗು ಒಡ್ಡಿ ನಿಂತಿದ್ದಳು. ಬೇವಿನ ಹೂವು ಒಂದೊಂದೇ ಉದುರುತ್ತಿತ್ತು. ಅಕ್ಕನ ಪಕ್ಕದ ಮನೆ ಅಜ್ಜಿ ಮೊದಲು ಬಂದು, "ನೀನೇ ನಿಂತ್ಕಬೇಕು ಕಣಮ್ಮ, ನಮ್ ಮಾತು ಇದು" ಅಂದಳು. ಆಮೇಲೆ ಬಂದವರೆಲ್ಲ ಅದನ್ನೇ ಅಂದರು. ಸೆರಗು ತುಂಬಿ ಹೋಯಿತು. ಅಕ್ಕ ಅತ್ತಿದ್ದನ್ನು ನಾನು ನೋಡಿದ್ದು ಮದುವೆಯಾದ ದಿನ ಬಿಟ್ಟರೆ ಅವತ್ತೇ.

ಆದರೆ ಟಿಕೆಟ್ ಕೊಡುವವರು ಬೇವಿನ ಮರದಡಿ ಕೂರುವವರಲ್ಲವಲ್ಲ. ರಾಜಧಾನಿಯಿಂದ ಪಾರ್ಟಿಯ ಒಬ್ಬ ಅಬ್ಸರ್ವರ್ ಬಂದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಯಲ್ಲಿ ಟ್ಯಾಬ್. ಎಲೆ ಅಡಿಕೆಯ ಕಥೆ ಕೇಳಿ ನಕ್ಕ. ಹೈಕಮಾಂಡ್ ಫೋನ್ ಸರ್ವೇ ಮಾಡಿಸುತ್ತದೆ, ಅದರಲ್ಲಿ ಬಂದವರಿಗೇ ಟಿಕೆಟ್ ಅಂದ. ಎರಡು ಹೆಸರು ಹೋಗಿದ್ದವು. ಒಂದು, ಕಲ್ಯಾಣದುರ್ಗದಲ್ಲಿ ಮೂರಂತಸ್ತಿನ ಮನೆ ಕಟ್ಟಿಕೊಂಡಿರುವ, ಮಂಡಲದ ಹಳ್ಳಿಗಳ ಕಡೆ ತಲೆಯನ್ನೇ ಹಾಕದ ಒಬ್ಬ ಕಂಟ್ರಾಕ್ಟರ್‌ನದು. ಇನ್ನೊಂದು ಅಕ್ಕನದು. ಫೋನಿನಲ್ಲಿ ನಾಯಕರ ದನಿಯೇ ಬರುತ್ತದೆ. ಅವನು ಬೇಕಿದ್ದರೆ ಒಂದು ಒತ್ತಬೇಕು, ಅಕ್ಕ ಬೇಕಿದ್ದರೆ ಎರಡು.

ಅಕ್ಕ ಮನೆಮನೆಗೂ ಹೋಗಿ ಪಾಠ ಮಾಡಿದಳು. "ಎರಡು ಒತ್ತಿ. ಬರೀ ಎರಡು. ಮರೀಬ್ಯಾಡಿ." ಎಲ್ಲರೂ ಹೂಂ ಅಂದರು. ಕೆಲವರು ಎರಡು ಬೆರಳು ಎತ್ತಿ ತೋರಿಸಿ ನಕ್ಕರು. ಇಷ್ಟಾದರೆ ಗೆದ್ದ ಹಾಗೆಯೇ ಎಂದುಕೊಂಡು ನಾನೂ ನಿಶ್ಚಿಂತೆಯಿಂದಿದ್ದೆ.

ಆ ಕರೆ ಬಂದ ಮಧ್ಯಾಹ್ನ ನಾನು ಅಕ್ಕನ ಊರಿನಲ್ಲೇ ಇದ್ದೆ. ಈಗಲೂ ಅದು ಕನಸೋ ನಿಜವೋ ಎಂದು ಅನುಮಾನ ಬರುತ್ತದೆ. ಉಂಡು ಎಲ್ಲರೂ ಅಡ್ಡಾಗಿದ್ದ ಹೊತ್ತು, ನಾಯಿಗಳೂ ಮಲಗಿದ್ದವು. ಅಕ್ಕನೊಬ್ಬಳು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬೀದಿಯ ಆ ತುದಿಯಲ್ಲಿ ಒಂದು ಫೋನು ಬಡಿದುಕೊಂಡಿತು, ಆಮೇಲೆ ಈ ಪಕ್ಕದಲ್ಲಿ, ಆಮೇಲೆ ಎಲ್ಲ ಮನೆಗಳಲ್ಲೂ. ಒಂದೇ ದನಿ ಸ್ವಲ್ಪ ಹಿಂದುಮುಂದಾಗಿ ಊರ ತುಂಬ ಹರಡಿತು. "ನಮಸ್ಕಾರಂ" ಎಂದು ಒಂದು ಬಾಗಿಲು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಬಾಗಿಲು ಶುರುಮಾಡುತ್ತಿತ್ತು. ಗೋಡೆಗಳೇ ಮಾತಾಡುತ್ತಿವೆ ಅನ್ನಿಸಿತು.

ಪಕ್ಕದ ಮನೆ ಅಜ್ಜಿ ಧಡಕ್ಕನೆ ಎದ್ದಳು. ತಲೆ ಮೇಲೆ ಸೆರಗು ಹೊದ್ದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅದಕ್ಕೆ ತೆಲುಗಿನಲ್ಲಿ ಹೇಳತೊಡಗಿದಳು. "ಸಾರ್, ಮಾ ಅಮ್ಮಾಯಿಕೇ ಇವ್ವಂಡಿ ಸಾರ್", ನಮ್ಮ ಹುಡುಗಿಗೇ ಕೊಡಿ. ತನ್ನ ಸೊಸೆಯ ಹೆರಿಗೆಗೆ ಅಕ್ಕ ಎಷ್ಟು ಓಡಾಡಿದಳು, ನಿಂತುಹೋಗಿದ್ದ ಪಿಂಚಣಿ ಹೇಗೆ ಮತ್ತೆ ಬರುವ ಹಾಗೆ ಮಾಡಿದಳು, ಎಲ್ಲ ಹೇಳಿದಳು. ನಾನು ಕಾಂಪೌಂಡಿನಾಚೆಯಿಂದ ಕೂಗಿಕೊಂಡೆ. "ಅಜ್ಜಿ, ಒತ್ತು! ಎರಡು ಒತ್ತು!"

ಅಜ್ಜಿ ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ಗದರಿದಳು. "ಸುಮ್ಕಿರಪ್ಪ. ದೊಡ್ಡೋರು ಮಾತಾಡ್ತಾವ್ರೆ. ಬಾಯಲ್ಲಿ ಹೇಳೋದು ಬುಟ್ಟು ಅವ್ರ ಮೂತಿಗೆ ತಿವಿಯಕ್ಕಾಯ್ತದಾ?"

ಬೀದಿಗೆ ಓಡಿದೆ. ಎಲ್ಲ ಮನೆಯಲ್ಲೂ ಅದೇ. ಗಂಡಸರು ತಲೆಗೆ ಸುತ್ತಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಅಕ್ಕನ ಹೆಸರು ಹೇಳುತ್ತಿದ್ದರು. ಒತ್ತುವುದನ್ನು ಮರೆತಿದ್ದರು ಅಂತಲ್ಲ. ನಾಯಕರೇ ಬಂದು ಕೇಳುತ್ತಿರುವಾಗ ಒತ್ತುವುದು ಅವರಿಗೆ ಮರ್ಯಾದೆಗೇಡು ಅನ್ನಿಸಿತ್ತು, ಅಷ್ಟೆ. ಆಮೇಲೆ ಆ ದನಿ ಒಂದೊಂದೇ ಮನೆಯಲ್ಲಿ ಧನ್ಯವಾದ ಹೇಳಿ ನಿಂತಿತು. ಜನ ಹೊರಗೆ ಬಂದು, ಹೇಳಿಬಿಟ್ಟೆವು, ಪೂರ್ತಿ ಕೇಳಿಸಿಕೊಂಡರು ಎಂದು ಒಬ್ಬರಿಗೊಬ್ಬರು ಸಂತೋಷಪಟ್ಟರು.

ಫಲಿತಾಂಶ ಹೇಳಲು ಅಬ್ಸರ್ವರ್ ನಮ್ಮನ್ನು ಕಲ್ಯಾಣದುರ್ಗಕ್ಕೆ ಕರೆಸಿದ. ಒಂದಕ್ಕೆ ಅಲ್ಲಲ್ಲಿ ಒತ್ತಿದವರಿದ್ದಾರೆ, ಎರಡಕ್ಕೆ ಇಲ್ಲವೇ ಇಲ್ಲ ಅನ್ನಬಹುದು ಎಂದ. ನನಗೆ ತಡೆಯಲಾಗಲಿಲ್ಲ. "ಬನ್ರೀ, ಊರಿಗೆ ಬನ್ನಿ, ಬಂದು ಬಾಯಲ್ಲಿ ಕೇಳಿ" ಎಂದು ಮೇಜು ಗುದ್ದಿದೆ. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ಡೇಟಾ ಮೇಲಕ್ಕೆ ಹೋಗಿಬಿಟ್ಟಿದೆ ಬ್ರದರ್ ಅಂದ. ಅಕ್ಕ ನನ್ನ ತೋಳು ಹಿಡಿದು ಎಬ್ಬಿಸಿಕೊಂಡು ಬಂದಳು. ಬಸ್ಸಿನಲ್ಲಿ ನಾನು ಇನ್ನೂ ಕುದಿಯುತ್ತಿದ್ದೆ.

"ಅವ್ರನ್ನ ಬುಡು, ನೀನಾದ್ರೂ ಒತ್ತಿದ್ಯಾ?" ಎಂದು ಕೇಳಿದೆ.

ಅಕ್ಕ ಕಿಟಕಿಯಾಚೆ ತಿರುಗುತ್ತಿದ್ದ ಗಾಳಿಯಂತ್ರಗಳನ್ನು ನೋಡುತ್ತ ಕೂತಳು. ಕೇಳಿಸಲಿಲ್ಲವೇನೋ ಎಂದುಕೊಂಡೆ.

ಊರಿನಲ್ಲಿ ಅಜ್ಜಿ ಕಾಯುತ್ತಿದ್ದಳು. "ನಾನ್ ಹೇಳಿದ್ನಲ್ಲಮ್ಮ, ಒಂದ್ ಮಾತೂ ಅಡ್ಡ ಬರ್ದಂಗೆ ಕೇಳಿಸ್ಕಂಡ್ರು. ಆಮ್ಯಾಕೆ ಹಿಂಗ್ ಯಾಕ್ ಮಾಡ್ಬುಟ್ರು?"

ಅದು ಮೆಷಿನ್ನು ಅಜ್ಜಿ, ಆ ಕಡೆ ಯಾರೂ ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ತಡೆದಳು. "ಕೇಳಿಸ್ಕಂಡ್ರಂತೆ ಅಜ್ಜಿ. ಮುಂದ್ಲ ಸಲ ಕೊಡ್ತಾರಂತೆ" ಅಂದಳು. ಅಜ್ಜಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ.

ವಾರ ಕಳೆಯುವಷ್ಟರಲ್ಲಿ ಕಂಟ್ರಾಕ್ಟರ್‌ನ ಫ್ಲೆಕ್ಸ್ ಆರ್ಡರು ನನ್ನ ಅಂಗಡಿಗೇ ಬಂತು. ನಡುವೆ ಅವನು, ಅಂಚಿನಲ್ಲಿ ಎಂದಿನ ಚೀಟಿಗಳ ಸಾಲು. ಮಾಡಲ್ಲ ಅಂತ ಅಕ್ಕನಿಗೆ ಫೋನು ಮಾಡಿದೆ. "ನನ್ ಫೋಟೋ ಹಾಕು ಕಣ್ಲಾ. ಜನ ನನ್ ಮುಖ ನೋಡಿ ತಾನೆ ಅವನಿಗೆ ಓಟಾಕೋದು" ಎಂದು ನಕ್ಕಳು. ಪ್ರಿಂಟರ್ ಮುಂದೆ ನಿಂತೆ. ಆವತ್ತು ತೂಕಡಿಕೆ ಬರಲಿಲ್ಲ.

ಸುರುಳಿ ಸುತ್ತಿದ ಫ್ಲೆಕ್ಸನ್ನು ನಾನೇ ತೆಗೆದುಕೊಂಡು ಹೊರಟೆ. ಪೆನುಕೊಂಡದ ಹತ್ತಿರ ಫ್ಯಾಕ್ಟರಿಯ ಹೊಸ ಬಿಳಿ ಕಾರುಗಳು ಲಾರಿಗಳ ಮೇಲೆ ಸಾಲಾಗಿ ನಿಂತಿದ್ದವು. ಬೆಟ್ಟದ ಮೇಲಿನ ಕೋಟೆ ಬಿಸಿಲಿಗೆ ತೇಲುತ್ತಿರುವಂತಿತ್ತು. ಊರು ತಲುಪಿದಾಗ ಅದೇ ಮಧ್ಯಾಹ್ನದ ಹೊತ್ತು. ಬಾಗಿಲು ತೆಗೆದೇ ಇತ್ತು. ಹಿತ್ತಲಿನಿಂದ ನಾಯಕರ ದನಿ ಕೇಳಿಸಿತು.

ಅಕ್ಕ ಒಗೆಯುವ ಕಲ್ಲಿನ ಮೇಲೆ ಕೂತು ಫೋನು ಕಿವಿಗಿಟ್ಟುಕೊಂಡಿದ್ದಳು. ಅವಳ ಫೋನಿನಲ್ಲಿ ಕರೆಗಳೆಲ್ಲ ತಾವಾಗೇ ರೆಕಾರ್ಡ್ ಆಗುತ್ತವೆ, ಅವತ್ತಿನದೂ ಆಗಿತ್ತು. ನನ್ನನ್ನು ನೋಡಿ ಮುಚ್ಚಿಡಲಿಲ್ಲ, ಪಕ್ಕ ಕೂರಿಸಿಕೊಂಡು ದನಿ ಜೋರು ಮಾಡಿದಳು. ನಾಯಕರು ಅಕ್ಕನ ಹೆಸರು ಹೇಳಿದರು, ಪೂರ್ತಿ ಹೆಸರು, ಕೊನೆಗೆ ಮರ್ಯಾದೆಯ ಗಾರು ಸೇರಿಸಿ. ಹಿಂದೆಯೇ ಅಕ್ಕನ ದನಿ ತೆಲುಗಿನಲ್ಲಿ ನಡುಗುತ್ತ ಬಂತು. ನಾನೇ ಸಾರ್, ಇಲ್ಲೇ ಇದ್ದೀನಿ ಸಾರ್. ಆಮೇಲೆ ಧನ್ಯವಾದ, ಆಮೇಲೆ ಏನೂ ಇಲ್ಲ.

"ಎಷ್ಟ್ ಚೆಂದಾಗಿ ಕರ್ದವ್ರೆ ನೋಡ್ಲಾ" ಅಂದಳು.

ಹೆಸರನ್ನು ಈಗ ಕಂಪ್ಯೂಟರೇ ಅವರ ದನಿಯಲ್ಲಿ ಸೇರಿಸುತ್ತದೆ. ಫ್ಲೆಕ್ಸಿನಲ್ಲಿ ಒಬ್ಬರ ಪಕ್ಕ ಇನ್ನೊಬ್ಬರನ್ನು ನಿಲ್ಲಿಸುವ ಕೆಲಸ ನನ್ನದೇ, ನನಗೆ ಗೊತ್ತಾಗದೆ ಇರುತ್ತದೆಯೇ. ನಾನು ಹೇಳಲಿಲ್ಲ. ಅಕ್ಕ ಮತ್ತೆ ಮೊದಲಿನಿಂದ ಹಾಕಿದಳು. ನಮಸ್ಕಾರಂ ಆಯಿತು, ಕಂಟ್ರಾಕ್ಟರ್‌ನ ಹೆಸರಾಯಿತು, ಅವಳ ಹೆಸರು ಬಂತು, ಎರಡು ಒತ್ತಿ ಎಂದು ದನಿ ಹೇಳಿತು. ಅಕ್ಕ ಫೋನನ್ನು ಮಡಿಲಿಗೆ ಇಳಿಸಿ, ಒದ್ದೆ ಬೆರಳನ್ನು ಸೀರೆಗೆ ಒರೆಸಿಕೊಂಡು, ಎರಡು ಒತ್ತಿದಳು.