ಇಮಾಮ್ ಸಾಬರು ಬರೆದ ನಂಬರ್

ಇಮಾಮ್ ಸಾಬರ ಕಿವಿ ಮೂವತ್ತರ ಆಸುಪಾಸಿನಲ್ಲೇ ಮಂದವಾಗತೊಡಗಿತ್ತು. ಐವತ್ತೈದಾಗುವ ಹೊತ್ತಿಗೆ ಹೆಚ್ಚುಕಡಿಮೆ ಮುಚ್ಚಿಯೇ ಹೋಯಿತು. ತುಮಕೂರಿನಿಂದ ತಂದ ಕಿವಿ ಮಿಷನ್ನು ಹಾಕಿಕೊಂಡರೆ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲ ಒಟ್ಟಿಗೆ ನುಗ್ಗುತ್ತಿದ್ದವು, ಮಾತು ಮಾತ್ರ ಸಿಗುತ್ತಿರಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟುಬಿಟ್ಟರು.

ಅವರು ಮದುವೆಯಾಗಿರಲಿಲ್ಲ. ಶಿರಾದಲ್ಲಿ ತಮ್ಮ ರಿಯಾಜ್‌ನ ಮನೆಯ ಮಹಡಿ ಕೋಣೆಯಲ್ಲಿದ್ದರು. ಕೆಳಗೆ ರಿಯಾಜ್, ಅವನ ಹೆಂಡತಿ ಶೀಬಾ, ಮೂರು ಮಕ್ಕಳು. ಊಟಕ್ಕೆ ಎಲ್ಲರೂ ಸುತ್ತ ಕೂರುತ್ತಿದ್ದರು, ಮಾತಾಡುತ್ತಿದ್ದರು, ನಗುತ್ತಿದ್ದರು. ಯಾಕೆ ನಕ್ಕಿರಿ ಎಂದು ಸಾಬರು ಮೊದಮೊದಲು ಕೇಳುತ್ತಿದ್ದರು. ಯಾರಾದರೂ ಕಿವಿಯ ಹತ್ತಿರ ಬಂದು ಕೂಗಿ ಹೇಳುವಷ್ಟರಲ್ಲಿ ನಗು ಆರಿಹೋಗಿರುತ್ತಿತ್ತು. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ತಟ್ಟೆ ನೋಡಿಕೊಂಡು ಉಂಡು ಮೇಲೆ ಹೋಗುತ್ತಿದ್ದರು. ಅವರನ್ನು ಯಾರೂ ಕಡೆಗಣಿಸಿರಲಿಲ್ಲ. ಅವರ ಪಾಲಿನ ಮಾಂಸದ ತುಂಡು ತಪ್ಪದೆ ತಟ್ಟೆಗೆ ಬೀಳುತ್ತಿತ್ತು. ಆದರೂ ಆ ಮನೆಯಲ್ಲಿ ಅವರ ಜೊತೆ ದಿನಕ್ಕೆ ನಾಲ್ಕು ಮಾತು ನಡೆದರೆ ಹೆಚ್ಚು.

ಕಸುಬು ಅಕ್ಷರ ಬರೆಯುವುದು. ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯಲ್ಲಿ ಟೈರ್ ಅಂಗಡಿಗಳ ಪಕ್ಕ ಒಂದು ಸಣ್ಣ ಮಳಿಗೆ ಹಿಡಿದಿದ್ದರು. ಒಂದು ಕಾಲಕ್ಕೆ ಕೊರಟಗೆರೆಯ ಅಕ್ಕಿ ಗಿರಣಿಯಿಂದ ಹಿಡಿದು ಪಾವಗಡದ ಬಟ್ಟೆ ಅಂಗಡಿಯವರೆಗೆ ಬೋರ್ಡುಗಳೆಲ್ಲ ಅವರ ಕೈಯವೇ. ಫ್ಲೆಕ್ಸ್ ಬಂದಮೇಲೆ ಬೋರ್ಡು ಹೋಯಿತು. ಲಾರಿ, ಟ್ರ್ಯಾಕ್ಟರುಗಳ ಹೆಸರು ಸ್ಟಿಕ್ಕರಿಗೆ ಹೋದವು. ಉಳಿದದ್ದು ನಂಬರ್ ಪ್ಲೇಟು. ಸರ್ಕಾರ ಎಲ್ಲ ಗಾಡಿಗೂ ಒಂದೇ ಥರದ ಅಚ್ಚಿನ ಪ್ಲೇಟು ಕಡ್ಡಾಯ ಮಾಡಿದಾಗ ಅದೂ ನಿಂತಿತು. ಕೊನೆಕೊನೆಗೆ ಅವರ ಬಳಿ ಬರುತ್ತಿದ್ದವರು ಬೈಕ್ ಹುಚ್ಚಿನ ಹುಡುಗರು ಮಾತ್ರ. ಸರ್ಕಾರದ ಪ್ಲೇಟು ಬಿಚ್ಚಿಟ್ಟು, ಅಂಕಿಗಳನ್ನು ತಿರುಚಿ ಬರೆದ ಪ್ಲೇಟು ಹಾಕಿಕೊಳ್ಳುವವರು. ಅದು ತಪ್ಪೆಂದು ಸಾಬರಿಗೆ ಗೊತ್ತಿತ್ತು. ಕುಂಚ ಒಣಗಿ ಕೂತಿರುವುದಕ್ಕಿಂತ ಇದು ಮೇಲು ಅನ್ನಿಸಿ ಬರೆದುಕೊಡುತ್ತಿದ್ದರು.

ಅವರಲ್ಲಿ ಒಬ್ಬ ಅನಿಲ್ ಕುಮಾರ್. ಕಳ್ಳಂಬೆಳ್ಳ ಕಡೆಯವನು, ಇಪ್ಪತ್ತೆರಡರ ಪ್ರಾಯ. ಶಿರಾದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಪ್ಲೇಟು ಬರೆಸಲು ಬಂದವನು ಮಾರನೇ ದಿನವೂ ಬಂದ, ಅದರ ಮಾರನೇ ದಿನವೂ ಬಂದ. ಸಾಬರೊಂದಿಗೆ ಮಾತಾಡುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಡಲಿಲ್ಲ. ಕೂಗುತ್ತಿರಲಿಲ್ಲ. ಬೆಂಚಿನ ಮೇಲೆ ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ನಿಧಾನವಾಗಿ ಹೇಳುತ್ತಿದ್ದ. ಸಾಬರಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಎರಡು ಚಹಾ ತರಿಸಿಕೊಂಡು ಅರ್ಧ ಗಂಟೆ ಕೂರುತ್ತಿದ್ದ. ಅಂಗಡಿ ಮಾಲೀಕನ ಸಿಡುಕು, ಅವ್ವನ ಮಂಡಿ ನೋವು, ರೇಸಿನಲ್ಲಿ ಯಾರು ಯಾರನ್ನು ಹಿಂದೆ ಹಾಕಿದರು, ಎಲ್ಲ ಹೇಳುತ್ತಿದ್ದ.

ಇನ್ನೊಂದು ಸಂಗತಿಯಿತ್ತು. ಅನಿಲ ತನ್ನ ಬೈಕಿನ ಸೈಲೆನ್ಸರ್ ಬದಲಾಯಿಸಿದ್ದ. ಬೀದಿಯವರೆಲ್ಲ ಬೈದುಕೊಳ್ಳುತ್ತಿದ್ದ ಆ ಸದ್ದು ಸಾಬರಿಗೆ ಕೇಳಿಸುತ್ತಿತ್ತು. ಬಸ್ಸಿನ ಹಾರನ್ನು ಕೇಳಿಸದವರಿಗೆ ಅನಿಲ ಮಸೀದಿ ತಿರುವಿನಲ್ಲಿ ಬರುವುದು ಕೇಳಿಸುತ್ತಿತ್ತು. ಚಹಾದವನಿಗೆ ಎರಡು ಬೆರಳು ತೋರಿಸಿ, ಬೆಂಚಿನ ಮೇಲಿನ ಡಬ್ಬಗಳನ್ನು ಸರಿಸಿಡುತ್ತಿದ್ದರು.

ಒಂದು ಭಾನುವಾರ ಅನಿಲ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ರೇಸು ತೋರಿಸಲು ಕರೆದೊಯ್ದ. ಕಳ್ಳಂಬೆಳ್ಳ ಕೆರೆಯ ಹತ್ತಿರ, ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆ. ಬೆಳಗಿನ ಆರು ಗಂಟೆ. ಹದಿನೈದು ಇಪ್ಪತ್ತು ಬೈಕುಗಳು ಒಟ್ಟಿಗೆ ಗುರುಗುಟ್ಟಿದಾಗ ಸದ್ದು ಸಾಬರ ಎದೆಯೊಳಗೇ ಹೊಕ್ಕಿತು. ಅಷ್ಟು ಸದ್ದು ಅವರು ಕೇಳಿ ಎಷ್ಟೋ ವರ್ಷವಾಗಿತ್ತು. ಒಬ್ಬ ಮುಂದಿನ ಚಕ್ರ ಎತ್ತಿಕೊಂಡು ಹೋದ. ಹಾಲು ಹಾಕಲು ಹೊರಟಿದ್ದ ಇಬ್ಬರು ಹೆಂಗಸರು ರಸ್ತೆಯಂಚಿನ ಚರಂಡಿಗಿಳಿದು ನಿಂತರು. ಸಾಬರು ಅದನ್ನೂ ನೋಡಿದರು. ನೋಡಿಯೂ ಆ ದಿನ ಖುಷಿಯಲ್ಲೇ ಮನೆಗೆ ಬಂದರು.

ಅನಿಲ ಇನ್ನೊಂದು ಪ್ಲೇಟಿನ ಮಾತು ತೆಗೆದದ್ದು ಆಮೇಲೆ.

"ಸಾಬ್ರೇ, ನಂಬರ್ ಇರ್ಬೇಕು, ಆದ್ರೆ ಯಾರ್ಗೂ ಓದಕ್ಕಾಗ್ಬಾರ್ದು. ಅಂಗೆ ಬರ್ಕೊಡ್ತೀರಾ?"

"ಪೊಲೀಸ್ನೋರು ಹಿಡಿದ್ರೆ?"

"ಹಿಡಿದ್ರೆ, ನಂಬರ್ ಐತಲ್ಲ ಸ್ವಾಮಿ, ನೋಡ್ಕಳಿ ಅಂತೀನಿ."

ಸಾಬರು ನಕ್ಕರು. ಮೂರು ದಿನ ಕಾಗದದ ಮೇಲೆ ತಿದ್ದಿದರು. ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಬರೆದು ಪಳಗಿದ ಕೈ. ಕುಂಚ ಎತ್ತದೆ ಒಂದೇ ಎಳೆಯಲ್ಲಿ ಇಡೀ ನಂಬರನ್ನು ಬಳ್ಳಿಯ ಹಾಗೆ ಹೆಣೆದರು. ಏಳರ ಬಾಲ ನಾಲ್ಕರ ಕೊರಳಿಗೆ ಸುತ್ತಿಕೊಂಡಿತ್ತು. ನೋಡಿದವರಿಗೆ ಹೂವಿನ ಚಿತ್ತಾರ. ಹತ್ತು ವರ್ಷದಲ್ಲಿ ಅಂಥ ಕೆಲಸ ಅವರ ಕೈಯಿಂದ ಬಂದಿರಲಿಲ್ಲ. ಅನಿಲ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

ಇದಾಗಿ ಎರಡು ತಿಂಗಳಿಗೆ ಆ ಸರ್ವಿಸ್ ರಸ್ತೆಯಲ್ಲಿ ಅಪಘಾತವಾಯಿತು. ದಾಸಮ್ಮ ಎಂಬ ಹೆಂಗಸು ಡೇರಿಗೆ ಹಾಲು ತೆಗೆದುಕೊಂಡು ಹೋಗುತ್ತಿದ್ದಾಗ ರೇಸಿನ ಬೈಕೊಂದು ಗುದ್ದಿತು. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಗುದ್ದಿದವನು ನಿಲ್ಲಿಸಲಿಲ್ಲ, ಜೊತೆಯವರೂ ನಿಲ್ಲಲಿಲ್ಲ.

ಆ ವಾರದಿಂದ ಪೊಲೀಸರು ಬಿಗಿಯಾದರು. ಹೆದ್ದಾರಿಯ ತಿರುವುಗಳಲ್ಲಿ ಬ್ಯಾರಿಕೇಡ್ ಬಂದವು. ಮೂವತ್ತಕ್ಕೂ ಹೆಚ್ಚು ಬೈಕು ಹಿಡಿದರು. ತಂದೆತಾಯಿಗಳನ್ನು ಠಾಣೆಗೆ ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಬಿಚ್ಚಿಸಿದ ಸೈಲೆನ್ಸರ್‌ಗಳನ್ನು ರಸ್ತೆಯ ಮೇಲೆ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದರು. ಜನ ಸುತ್ತ ನಿಂತು ವಿಡಿಯೋ ಮಾಡಿಕೊಂಡರು. ಸಾಬರೂ ಗುಂಪಿನ ಹಿಂದೆ ನಿಂತಿದ್ದರು. ತಗಡು ಚಪ್ಪಟೆಯಾಗುವುದು ಕಾಣುತ್ತಿತ್ತು, ಕಾಲಡಿಯ ನೆಲ ಅದುರುತ್ತಿತ್ತು. ಅನಿಲ ಎರಡು ವಾರದಿಂದ ಅಂಗಡಿಯ ಕಡೆ ಸುಳಿದಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ನರಸಿಂಹರಾಜು ಸಾಬರ ಮಳಿಗೆಗೆ ಬಂದದ್ದು ಒಂದು ಮಂಗಳವಾರ. ಸಾಬರ ಕಿವಿಯ ವಿಷಯ ಅವರಿಗೆ ಗೊತ್ತಿತ್ತು. ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು: "ಇದು ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಸಿಕ್ಕ ಚಿತ್ರ. ಮುಖ ಹೆಲ್ಮೆಟ್ಟಿನಲ್ಲಿದೆ. ನಂಬರ್ ಯಾರಿಗೂ ಓದಲಾಗುತ್ತಿಲ್ಲ. ನಿಮಗೆ ಆಗುತ್ತದೆಯೇ?"

ಚಿತ್ರ ಮಸುಕಾಗಿತ್ತು. ಆದರೂ ಏಳರ ಬಾಲ ಸಾಬರಿಗೆ ತಕ್ಷಣ ಕಂಡಿತು.

"ಓದಕ್ಕಾಗಲ್ಲ ಸ್ವಾಮಿ," ಅಂದರು.

ಸಬ್ ಇನ್ಸ್‌ಪೆಕ್ಟರು ಹಾಳೆಯನ್ನು ವಾಪಸು ತೆಗೆದುಕೊಂಡರು. ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆದರು: "ಜ್ಞಾಪಕ ಬಂದರೆ ಠಾಣೆಗೆ ಬನ್ನಿ." ಚಿತ್ರವನ್ನು ಅಲ್ಲೇ ಬಿಟ್ಟು ಹೋದರು.

ಮೂರು ದಿನ ಸಾಬರು ಬಾಗಿಲು ತೆರೆದರೂ ಏನೂ ಮಾಡಲಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಊಟಕ್ಕೆ ಕೂತಾಗ ರಿಯಾಜ್‌ನ ಮುಖ ನೋಡಿದರು. ಅವನು ಫೋನಿನಲ್ಲಿ ಮಾತಾಡುತ್ತಿದ್ದ. ಇಂಥದ್ದನ್ನು ಹೇಳಬೇಕಾದರೆ ಅವನು ತಿರುಗಿ ಪ್ರಶ್ನೆ ಕೇಳುತ್ತಾನೆ, ಅದನ್ನು ಇಡೀ ಓಣಿಗೆ ಕೇಳುವ ಹಾಗೆ ಕೂಗಬೇಕಾಗುತ್ತದೆ. ಸಾಬರು ಕೈ ತೊಳೆದು ಮೇಲೆ ಹೋದರು.

ಶನಿವಾರ ಕಳ್ಳಂಬೆಳ್ಳದ ಬಸ್ಸು ಹತ್ತಿ, ವಿಚಾರಿಸಿಕೊಂಡು ದಾಸಮ್ಮನ ಮನೆ ಹುಡುಕಿದರು. ದಾಸಮ್ಮ ಜಗುಲಿಯ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದದಿಂದ ತೊಡೆಯವರೆಗೆ ಪಟ್ಟಿ. ಯಾರೋ ಆಸ್ಪತ್ರೆಯ ಕಡೆಯವರು ಅಂದುಕೊಂಡಳೋ ಏನೋ, ಕೂರಲು ಹೇಳಿ ಮಾತಾಡತೊಡಗಿದಳು. ತುಂಬ ಹೊತ್ತು ಮಾತಾಡಿದಳು. ಸಾಬರು ತಲೆಯಾಡಿಸುತ್ತ ಕೂತರು. ಅವಳ ತುಟಿಯ ಓಟ ಅವರಿಗೆ ಹಿಡಿಯಲಿಲ್ಲ. ನಡುನಡುವೆ ಕೊಟ್ಟಿಗೆಯ ಕಡೆ ಕೈ ತೋರಿಸುತ್ತಿದ್ದಳು, ಕಾಲು ಮುಟ್ಟಿ ತೋರಿಸುತ್ತಿದ್ದಳು. ಕೊನೆಗೆ ಸೊಸೆ ಇಂದ್ರಮ್ಮ ನೀರು ತಂದುಕೊಟ್ಟು, ಇವರಿಗೆ ಕೇಳಿಸುತ್ತಿಲ್ಲವೆಂದು ತಿಳಿದು, ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದಳು.

"ಗಾಡಿ ಸದ್ದು ಕೇಳ್ತಂತೆ. ಇಪ್ಪತ್ ಗಾಡಿ ಒಂದೇ ಕಿತ ಬಂದ್ರೆ ಯಾವ್ ಕಡೆಯಿಂದ ಅಂತ ಗೊತ್ತಾಗ್ತದಾ? ಆ ಕಡೆ ಸರಿಯೋದೋ ಈ ಕಡೆ ಸರಿಯೋದೋ ತಿಳೀನಿಲ್ಲಂತೆ. ಅಂಗೇ ನಿಂತ್ಬುಟ್ರಂತೆ."

ಸಾಬರು ನೀರು ಕುಡಿದು ಲೋಟ ಕೆಳಗಿಟ್ಟರು. ಯಾವ ಕಡೆಯಿಂದ ಏನು ಬರುತ್ತದೆಂದು ತಿಳಿಯದೆ ನಡುರಸ್ತೆಯಲ್ಲಿ ನಿಲ್ಲುವುದು ಏನೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ದಿನಾ ಬಸ್ ನಿಲ್ದಾಣ ದಾಟುವಾಗ ಅವರು ಹಾಗೆಯೇ ನಿಲ್ಲುತ್ತಿದ್ದರು. ತಾವು ಯಾರು, ಯಾಕೆ ಬಂದದ್ದು ಎಂದು ಹೇಳದೆಯೇ ಕೈ ಮುಗಿದು ಎದ್ದರು.

ಸೋಮವಾರ ಅನಿಲ ಬಂದ, ನಡೆದುಕೊಂಡು. ಹತ್ತಿರ ಬಂದು ಭುಜ ಮುಟ್ಟಿದಾಗಲೇ ಸಾಬರಿಗೆ ತಿಳಿದದ್ದು. ಗಡ್ಡ ಬೆಳೆದಿತ್ತು. ಎಂದಿನಂತೆ ಎದುರಿಗೆ ಕೂತ.

"ಪೊಲೀಸ್ನೋರು ಬಂದಿದ್ರಾ?"

"ಬಂದಿದ್ರು."

"ಏನಂದ್ರಿ?"

"ಓದಕ್ಕಾಗಲ್ಲ ಅಂದೆ."

ಅನಿಲ ಉಸಿರು ಬಿಟ್ಟ. "ಅಂಗೇ ಇರಿ ಸಾಬ್ರೇ. ಬೈಕು ನಮ್ಮ ಮಾವನ ಶೆಡ್ಡಲ್ಲೈತೆ. ಪ್ಲೇಟ್ ಕೆರೆಗೆ ಹಾಕ್ಬುಟ್ಟೆ."

"ಆಯಮ್ಮನ್ನ ನೋಡ್ಕೊಂಡು ಬಂದೆ," ಅಂದರು ಸಾಬರು.

ಅನಿಲ ತಲೆ ತಗ್ಗಿಸಿದ. ಆಮೇಲೆ ನೆನಪಾಗಿ ಮುಖ ಎತ್ತಿ ಹೇಳಿದ: "ಬೇಕಂತ ಮಾಡ್ಲಿಲ್ಲ. ತಿರುಗಿ ನೋಡ್ದಾಗ ಎದ್ದು ಕುಂತಿದ್ರು. ಏನೂ ಆಗಿಲ್ಲ ಅಂದ್ಕೊಂಡು ಹೊಂಟ್ಬುಟ್ಟೆ."

"ಹಂಗಂತ ನೀನೇ ಠಾಣೆಗೆ ಹೋಗಿ ಹೇಳು. ಭಾನುವಾರದ ಗಂಟ ಕಾಯ್ತೀನಿ. ಆಮೇಲೆ ನಾನೇ ಹೋಗ್ತೀನಿ."

ಅನಿಲ ಎದ್ದು ನಿಂತು ರಸ್ತೆಯ ಕಡೆ ತಿರುಗಿದ. ಬೆನ್ನು ಕೊಟ್ಟುಕೊಂಡೇ ಏನೋ ಹೇಳಿದ. ಭುಜ ಅಲುಗುತ್ತಿತ್ತು, ಕೈ ಎತ್ತಿ ಇಳಿಸುತ್ತಿದ್ದ, ಮಾತು ಉದ್ದವಾಗಿಯೇ ಇತ್ತು.

"ಇತ್ಲಾಗೆ ತಿರುಗಿ ಹೇಳು," ಅಂದರು ಸಾಬರು. "ಅನಿಲ್, ಇತ್ಲಾಗೆ ನೋಡು."

ಅವನು ತಿರುಗಲಿಲ್ಲ. ಹಾಗೆಯೇ ನಡೆದು ಹೋದ. ಅವನು ಬೈದನೋ, ಬೇಡಿಕೊಂಡನೋ ಸಾಬರಿಗೆ ಇಂದಿಗೂ ಗೊತ್ತಿಲ್ಲ.

ಭಾನುವಾರ ಕಳೆಯಿತು. ಸೋಮವಾರ ಬೆಳಗ್ಗೆ ಸಾಬರು ಠಾಣೆಗೆ ಹೋಗಿ ಆ ಚಿತ್ರವನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಕೇಳಿದರು. ಕೆಎ ಅರವತ್ನಾಲ್ಕರಿಂದ ಶುರುಮಾಡಿ ಇಡೀ ನಂಬರನ್ನು ಶಾಲೆಯ ಮಕ್ಕಳು ಬರೆಯುವ ಹಾಗೆ ಬಿಡಿಬಿಡಿಯಾಗಿ ಬರೆದರು. ಸಂಜೆಯೊಳಗೆ ಬೈಕು ಸಿಕ್ಕಿತು. ಮುರಿದ ಇಂಡಿಕೇಟರಿನ ಚೂರು ರಸ್ತೆಯಲ್ಲಿ ಬಿದ್ದ ಚೂರಿಗೆ ಸರಿಹೊಂದಿತು. ಇನ್ನು ಮುಂದೆ ನಂಬರ್ ಪ್ಲೇಟು ಬರೆಯುವುದಿಲ್ಲವೆಂದು ಸಾಬರಿಂದಲೂ ಮುಚ್ಚಳಿಕೆ ಬರೆಸಿಕೊಂಡರು.

ಶಿರಾ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಯಿತು. ವಕೀಲರು ಕೇಳಿದ ಮೊದಲ ಪ್ರಶ್ನೆಗೆ ಸಾಬರು ಸಂಬಂಧವಿಲ್ಲದ ಉತ್ತರ ಕೊಟ್ಟಾಗ ಹಿಂದಿನ ಬೆಂಚಿನವರು ನಕ್ಕರು. ನ್ಯಾಯಾಧೀಶರು ಪ್ರಶ್ನೆಗಳನ್ನು ಬರೆದುಕೊಡಲು ಹೇಳಿದರು. ಅನಿಲನ ಪರ ವಕೀಲರು ಬರೆದರು: "ಇದು ನಿಮ್ಮದೇ ಕೈ ಎಂದು ಹೇಗೆ ಹೇಳುತ್ತೀರಿ?"

"ಏಳರ ಬಾಲ ಹಿಂಗೆ ಎಳೆಯೋನು ಈ ಸೀಮೆಯಲ್ಲಿ ನಾನೊಬ್ನೇ," ಅಂದರು ಸಾಬರು. ಕಟಕಟೆಯಲ್ಲಿ ಅನಿಲ, ಗೋಡೆಯ ಪಕ್ಕ ಅವನ ತಾಯಿ ಚಿಕ್ಕಲಕ್ಷ್ಮಮ್ಮ. ಇಬ್ಬರೂ ಅವರ ಕಡೆ ನೋಡಲಿಲ್ಲ.

ಅನಿಲನಿಗೆ ಮೂರು ತಿಂಗಳ ಸಜೆಯಾಯಿತು. ಮಧುಗಿರಿಯ ಆರ್‌ಟಿಒ ಕಚೇರಿ ಅವನ ಲೈಸೆನ್ಸ್ ರದ್ದು ಮಾಡಿತು. ದಾಸಮ್ಮ ಕೋಲು ಹಿಡಿದು ನಡೆಯುವಂತಾದಳು, ಡೇರಿಗೆ ಈಗ ಇಂದ್ರಮ್ಮ ಹೋಗುತ್ತಾಳೆ. ಸಾಬರ ಮಳಿಗೆಗೆ ಆ ಹುಡುಗರಲ್ಲಿ ಒಬ್ಬನೂ ಮತ್ತೆ ಬರಲಿಲ್ಲ. ಊರಿನ ಬೈಕುಗಳೆಲ್ಲ ಕಂಪನಿಯ ಸೈಲೆನ್ಸರ್‌ಗೆ ಮರಳಿದ್ದವು. ಜನಕ್ಕೆ ನೆಮ್ಮದಿಯಾಯಿತು. ಸಾಬರ ಪಾಲಿಗೆ ಮಾತ್ರ ರಸ್ತೆಯಲ್ಲಿ ಕೇಳುವಂಥದ್ದು ಏನೂ ಉಳಿಯಲಿಲ್ಲ. ಆರು ತಿಂಗಳು ನೋಡಿ ಬಾಗಿಲು ಹಾಕಿದರು.

ಈಗ ಅವರು ರಿಯಾಜ್‌ನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಾರೆ. ಗಿರಾಕಿಗಳು ಕಾರ್ಡಿನಲ್ಲಿ ಬಣ್ಣ ತೋರಿಸುತ್ತಾರೆ, ಸಾಬರು ಬೆರೆಸಿಕೊಡುತ್ತಾರೆ. ಮಾತಿನ ಅಗತ್ಯ ಬೀಳುವುದಿಲ್ಲ.

ಹೋದ ದೀಪಾವಳಿಗೆ ಮೊದಲು ಚಿಕ್ಕಲಕ್ಷ್ಮಮ್ಮ ಅಂಗಡಿಗೆ ಬಂದಳು. ಮನೆಗೆ ಬಣ್ಣ ಹೊಡೆಸಬೇಕಿತ್ತು. ಸಾಬರನ್ನು ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ಒಳಗೆ ಬಂದು ರಿಯಾಜ್‌ನ ಹತ್ತಿರ ಮಾತಾಡಿದಳು. ಅವಳು ಬಣ್ಣ ಆರಿಸುವಾಗ ರಿಯಾಜ್ ಅಣ್ಣನ ಕಿವಿಯ ಹತ್ತಿರ ಬಂದು ಕೂಗಿದ: "ಅನಿಲ್ ಪಾವಗಡದ ಹತ್ರ ವಳ್ಳೂರಲ್ಲಿದ್ದಾನಂತೆ. ಸೋಲಾರ್ ಪ್ಲೇಟ್ ತೊಳೆಯೋ ಕೆಲಸ. ಚೆನ್ನಾಗಿದ್ದಾನಂತೆ."

"ನನ್ನ ಬಗ್ಗೆ ಏನಾದ್ರೂ ಕೇಳಿದ್ನಂತಾ?"

ರಿಯಾಜ್ ಅವಳನ್ನು ಕೇಳಲಿಲ್ಲ. ಅಣ್ಣನ ಮುಖ ನೋಡಿ, ಇಲ್ಲವೆಂಬಂತೆ ತಲೆಯಾಡಿಸಿದ.

ಚಿಕ್ಕಲಕ್ಷ್ಮಮ್ಮ ತಿಳಿನೀಲಿಯನ್ನು ಆರಿಸಿದಳು. ಸಾಬರು ಬೆರೆಸಿ, ಮುಚ್ಚಳ ಬಡಿದು, ಎರಡು ಡಬ್ಬವನ್ನೂ ತಾವೇ ಎತ್ತಿಕೊಂಡರು. ಅವಳು ಬೇಡವೆನ್ನಲಿಲ್ಲ. ಒಬ್ಬರ ಹಿಂದೆ ಒಬ್ಬರು ಬಸ್ ನಿಲ್ದಾಣದವರೆಗೆ ನಡೆದರು. ಡಬ್ಬಗಳನ್ನು ಸೀಟಿನ ಕೆಳಗಿಟ್ಟು ಸಾಬರು ಇಳಿದು ನಿಂತರು. ಕಿಟಕಿಯ ಪಕ್ಕ ಕೂತ ಅವಳು ಸೆರಗು ಸರಿಮಾಡಿಕೊಂಡಳು. ಬಸ್ಸು ಹೊರಟಿತು. ಸಾಬರು ಅಂಗಡಿಗೆ ಹಿಂದಿರುಗಿದರು. ಅಲ್ಲಿ ಇನ್ನೊಬ್ಬ ಗಿರಾಕಿ ಕಾರ್ಡು ಬಿಚ್ಚಿಕೊಂಡು ಕಾಯುತ್ತಿದ್ದ.